ಮೊಲ ಮಾಸ್ತರ ಮತ್ತು ಎಣಿಸದೆ ಬಿಟ್ಟ ಕುರಿ

ಒಂದು ಮೊಲ ನನ್ನನ್ನು ದಡ್ಡ ಎಂದು ತೀರ್ಮಾನಿಸಿದೆ. ಇದನ್ನು ನಾನಾಗಿಯೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ನಮ್ಮ ಮನೆಯ ನಾಲ್ಕೂವರೆ ವರ್ಷದ ಹುಡುಗಿ ಓಣಿಗೆಲ್ಲ ಹೇಳಿ, ಓಣಿಯಿಂದ ಅದು ನಿಮ್ಮ ಕಿವಿಗೂ ಬಂದು, ಮುಚ್ಚಿಟ್ಟೆ ಎಂಬ ಅಪವಾದವೂ ನನ್ನ ತಲೆಗೆ ಬರುತ್ತದೆ. ಮೊಲವೇನೂ ಸಾಮಾನ್ಯದ್ದಲ್ಲ. ಕನ್ನಡಕ ಹಾಕಿಕೊಂಡಿದೆ, ಕೊರಳಿಗೆ ಟೈ ಕಟ್ಟಿಕೊಂಡಿದೆ, ಸೊಂಟದ ಕೆಳಗೆ ಏನನ್ನೂ ತೊಟ್ಟಿಲ್ಲ. ಲಾಕ್‌ಡೌನಿನ ಕಾಲದಲ್ಲಿ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಪಾಠ ಹೇಳುತ್ತಿದ್ದ ನಮ್ಮ ಕಾಲೇಜಿನ ಕೆಲವರನ್ನು ಬಿಟ್ಟರೆ ವಿದ್ಯಾವಂತರಲ್ಲಿ ಇಂಥ ಉಡುಪನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊಲದ ವಾಸ ಒಂದು ಟ್ಯಾಬಿನಲ್ಲಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಬಣ್ಣ, ಆಕಾರ, ಅಂಕಿ, ಅಕ್ಷರ ಎಲ್ಲವನ್ನೂ ಆಡಿಸುತ್ತಲೇ ಕಲಿಸುವುದು ಅದರ ಉದ್ಯೋಗ. ಹಿಂದೆ ಮಕ್ಕಳು ಆಡುತ್ತಿದ್ದವು, ದೊಡ್ಡವರು ಬೈಯುತ್ತಿದ್ದರು, ಇವೆರಡರ ನಡುವೆ ಯಾರಿಗೂ ತಿಳಿಯದಂತೆ ಕಲಿಕೆ ಎಂಬುದು ನಡೆದುಹೋಗುತ್ತಿತ್ತು. ಈಗ ಆಡಿಸುವುದು, ಬೈಯುವುದು, ಕಲಿಸುವುದು ಮೂರನ್ನೂ ಮೊಲವೊಂದೇ ಗುತ್ತಿಗೆ ಹಿಡಿದಿದೆ. ಅದಕ್ಕೆ ಮರಾಠಿ ಬರುತ್ತದೆ, ಹಿಂದಿ ಬರುತ್ತದೆ, ಇಂಗ್ಲಿಷು ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ. ಕನ್ನಡ ಬರುವುದಿಲ್ಲ. ಮಹಾರಾಷ್ಟ್ರದ ಉದಗೀರದಲ್ಲಿ ಮನೆ ಮಾಡಿದ ಮೊಲದಿಂದ ಅದನ್ನು ನಿರೀಕ್ಷಿಸುವುದೂ ತಪ್ಪು. ಇಲ್ಲಿ ಕನ್ನಡ ಹೊಸ್ತಿಲಿನ ಒಳಗಿನ ಭಾಷೆ. ಚಪ್ಪಲಿ ಮೆಟ್ಟಿಕೊಂಡ ಕೂಡಲೇ ನಾವೆಲ್ಲ ಮರಾಠಿಗರು.

ನನ್ನ ದಡ್ಡತನ ಹೊರಬಿದ್ದದ್ದು ಆಟದ ನಾಲ್ಕನೆಯ ಮೆಟ್ಟಿಲಿನಲ್ಲಿ. ಪರದೆಯ ಮೇಲೆ ಆಕಳು, ಕುರಿ, ನಾಯಿ, ಕೋಳಿ ನಿಂತಿದ್ದವು. ಗುಂಪಿಗೆ ಸೇರದ್ದು ಯಾವುದು ಎಂದು ಮೊಲ ಕೇಳಿತು. ಆಯುಷ್ಯವಿಡೀ ಯಾವ ಗುಂಪಿಗೂ ಸೇರದೆ, ಮೊದಲು ನಡು ಕೊನೆಗಳಿಲ್ಲದ ಕಥೆ ಬರೆದು, ಅವನ್ನು ಓದುವವರೂ ಇಲ್ಲದಂತೆ ನೋಡಿಕೊಂಡ ಮನುಷ್ಯನಿಗೆ ಇದಕ್ಕಿಂತ ಆಪ್ತ ಪ್ರಶ್ನೆ ಇನ್ನಾವುದು? ನಾಯಿಯನ್ನು ಒತ್ತಿದೆ. ಉಳಿದ ಮೂರರಿಂದ ನಾವು ಹಾಲೋ ಉಣ್ಣೆಯೋ ಮೊಟ್ಟೆಯೋ ತೆಗೆದುಕೊಳ್ಳುತ್ತೇವೆ, ನಾಯಿಯಾದರೋ ನಮ್ಮಿಂದ ತೆಗೆದುಕೊಳ್ಳುತ್ತದೆ. ಮೊಲ ಅಲ್ಲವೆಂದು ತಲೆಯಾಡಿಸಿತು. ಆಕಳನ್ನು ಒತ್ತಿದೆ. ಉಳಿದವುಗಳ ಹೆಸರಿನಲ್ಲಿ ಯಾರೂ ಜಗಳ ತೆಗೆಯುವುದಿಲ್ಲ. ಅದೂ ತಪ್ಪು. ಕುರಿಯನ್ನು ಒತ್ತಿದೆ. ಒಂಟಿಯಾಗಿ ನಿಂತ ಕುರಿ ಕುರಿಯೇ ಅಲ್ಲ ಎಂಬುದು ನಮ್ಮಂಥ ಕುರಿಯವರ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಮೊಲಕ್ಕೆ ಗೊತ್ತಿರಲಿಲ್ಲ. ಇನ್ನು ಉಳಿದದ್ದು ಕೋಳಿ. ಎರಡೇ ಕಾಲು, ಸರಿ. ಅದನ್ನು ಒತ್ತಲು ಬೆರಳೆತ್ತುವಷ್ಟರಲ್ಲಿ ಪರದೆ ಬದಲಾಯಿತು. ಮೂರು ಸಲ ತಪ್ಪಿದವರಿಗೆ ಮೊಲ ಪಾಠವನ್ನು ಹಗುರ ಮಾಡಿಕೊಡುತ್ತದಂತೆ. ಒಂದು ಕೆಂಪು ಚೆಂಡನ್ನು ತಂದಿಟ್ಟು, "ಇದು ಚೆಂಡು. ಚೆಂಡನ್ನು ಒತ್ತು" ಎಂದಿತು.

ಪಕ್ಕದಲ್ಲಿ ಕೂತಿದ್ದ ಮಾಯಿ ಸಮಾಧಾನದ ದನಿಯಲ್ಲಿ ಹೇಳಿದಳು: "ಮೊಲ ನಿನಗ ದಡ್ಡ ಅಂತದ, ಮುತ್ಯಾ."

ಮಾಯಿ ನನ್ನ ಅಣ್ಣನ ಮೊಮ್ಮಗಳು. ಜನ್ಮಪತ್ರಿಕೆಯಲ್ಲಿ, ಆಧಾರ ಕಾರ್ಡಿನಲ್ಲಿ ಆಕೆ ಆರೋಹಿ. ಅದು ಟಿವಿ ಧಾರಾವಾಹಿಗಳು ಮರಾಠವಾಡಕ್ಕೆ ಕೊಟ್ಟ ಕಾಣಿಕೆ. ಮಾಯಿ ಎಂಬುದು ನಮ್ಮ ಕುರಿಯವರ ದೇವರು ಬೀರಪ್ಪನ ಅಕ್ಕನ ಹೆಸರು. ಅದು ಅವಳ ಆಯಿ, ಅಂದರೆ ಅಪ್ಪನ ತಾಯಿ, ನನ್ನ ವೈನಿ ಕೊಟ್ಟದ್ದು. ಅಣ್ಣ, ವೈನಿ ಉಮರ್ಗಾದ ಹತ್ತಿರ ದಾಳಿಂಬದಲ್ಲಿದ್ದಾರೆ. ಕುರಿ, ಒಂದಿಷ್ಟು ಹೊಲ, ಹೊಲದಲ್ಲಿ ತೊಗರಿ, ಈಚೆಗೆ ಸೋಯಾಬೀನು. ಅವರ ಮಗ ಮಾಳಪ್ಪ ಉದಗೀರದ ಕಾಳಿನ ಅಡತ ಬಜಾರಿನಲ್ಲಿ ಟೆಂಪೊ ಓಡಿಸುತ್ತಾನೆ. ಹೀಗಾಗಿ ಅವನೂ ಹೆಂಡತಿ ಸವಿತಾಳೂ ಮಗಳೂ ನಮ್ಮ ಮನೆಯಲ್ಲೇ ಇದ್ದಾರೆ. ನಾನು, ನನ್ನ ಹೆಂಡತಿ ಇಬ್ಬರೇ ಇದ್ದಾಗ ಮನೆ ದೊಡ್ಡದಾಗಿತ್ತು. ಈಗ ಮೊಲವೂ ಸೇರಿ ಸರಿಹೋಗಿದೆ.

ಟ್ಯಾಬು ತಂದದ್ದು ಸವಿತಾ. ಊರಿನಲ್ಲಿ ಕಂಪೌಂಡಿನ ಗೋಡೆಗೆಲ್ಲ ಜಿರಾಫೆ ಬರೆಸಿದ ಒಂದು ಇಂಗ್ಲಿಷ್ ಶಾಲೆ ಇದೆ. ಅಲ್ಲಿ ನರ್ಸರಿಗೆ ಸೇರಿಸಿಕೊಳ್ಳುವ ಮುನ್ನ ಮಗುವನ್ನು ಪರೀಕ್ಷೆ ಮಾಡುವುದಿಲ್ಲ. ಪರೀಕ್ಷೆ ಎಂಬುದು ಹಳೆಯ ಕಾಲದ ಕ್ರೌರ್ಯ ಎಂದು ಅವರ ಕರಪತ್ರದಲ್ಲೇ ಇದೆ. ಅವರು ಮಗುವನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಆಟ ಆಡಿಸುತ್ತಾರೆ, ಅಷ್ಟೆ. ಆಟದಲ್ಲಿ ಇದೇ ಮೊಲ. ಮೊಲ ಕೊನೆಗೆ ನಕ್ಷತ್ರ ಕೊಡುತ್ತದೆ. ನಕ್ಷತ್ರ ಕಡಿಮೆಯಾದ ಮಗು ನಪಾಸಾಗುವುದಿಲ್ಲ. ಅದು 'ಇನ್ನೂ ಅರಳಬೇಕಾಗಿದೆ' ಎಂದು ಹೇಳಿ ಮನೆಗೆ ಕಳಿಸುತ್ತಾರೆ. ಅರಳದ ಮಗುವಿನ ತಾಯಿತಂದೆ ಜಿರಾಫೆಗಳನ್ನು ನೋಡುತ್ತ ಹಿಂದಿರುಗುತ್ತಾರೆ. ಸವಿತಾಳ ಲೆಕ್ಕ ಸರಳ: ಪರೀಕ್ಷೆಯ ಮೊಲವನ್ನು ಮನೆಗೇ ತಂದರೆ ಮಗಳಿಗೆ ಅದು ಪರಿಚಯದ ಮೊಲವಾಗುತ್ತದೆ. ಮನೆಯಲ್ಲಿ ನಿವೃತ್ತ ಪ್ರೊಫೆಸರ್ ಒಬ್ಬ ಬಿದ್ದಿದ್ದಾನೆ, ಅವನನ್ನೂ ಜೊತೆಗೆ ಕೂರಿಸಿದರಾಯಿತು.

ಹೀಗೆ ನಾನು ಮೊಲದ ಕೈಕೆಳಗಿನ ಮಾಸ್ತರನಾದೆ.

ಮಾಯಿಗೆ ನನ್ನ ಅಗತ್ಯ ಅಷ್ಟಾಗಿ ಇರಲಿಲ್ಲ. ಕೆಂಪು ಹಳದಿಗಳನ್ನು ಆಕೆ ಕಣ್ಣುಮುಚ್ಚಿ ತೆಗೆಯುತ್ತಿದ್ದಳು. ಕೊಡೆಯ ನೆರಳು ಕೊಡೆಗೆ, ಕೀಲಿಯ ನೆರಳು ಕೀಲಿಗೆ. ನೆರಳು ಯಾವಾಗಲೂ ವಸ್ತುವಿನ ಹಾಗೆಯೇ ಇರುತ್ತದೆ ಎಂಬ ಮೊಲದ ವಿಶ್ವಾಸ ಕಂಡು ನನಗೆ ಹೊಟ್ಟೆಕಿಚ್ಚಾಯಿತು. ನಾನು ಮೂರು ಸಂಕಲನ ಬರೆದದ್ದು ಇದಕ್ಕೆ ವಿರುದ್ಧವಾಗಿ. ಆಕಳಿನ ಪಾಠದಲ್ಲಿ ಮಾತ್ರ ಸ್ವಲ್ಪ ತಕರಾರಾಯಿತು. ಆಟದ ಆಕಳು ಬಿಳಿಯ ಮೈಮೇಲೆ ಕರಿಯ ಮಚ್ಚೆಯದು. "ದೇವಣಿ ಆಕಳ" ಎಂದು ಮಾಯಿ ನಮ್ಮ ಕಡೆಯ ತಳಿಯ ಗುರುತು ಹಿಡಿದಳು. ಆಮೇಲೆ ಅದರ ಬೆನ್ನನ್ನು ಬೆರಳಿನಿಂದ ಸವರಿ, "ಇದರ ಇಣಿ ಯಾರು ಕೊಯ್ಕೊಂಡು ಹೋಗ್ಯಾರ?" ಎಂದು ಕೇಳಿದಳು. ವಿಲಾಯತಿ ಆಕಳಿಗೆ ಹೆಗಲ ಮೇಲಿನ ಡುಬ್ಬ ಇರುವುದಿಲ್ಲ ಎಂದು ಹೇಳಿದೆ. ನಂಬಲಿಲ್ಲ. ನಮ್ಮ ಮನೆಯ ಮಟ್ಟಿಗೆ ಅದು ಕಳ್ಳರ ಕೈಗೆ ಸಿಕ್ಕು ಬದುಕಿ ಬಂದ ಆಕಳು.

ಇಲ್ಲಿ ನಾನು ಹೇಗೆ ಎಣಿಕೆ ಕಲಿತೆ ಎಂಬುದನ್ನು ಹೇಳುವುದು ಇಂಥ ಬರಹಗಳ ಸಂಪ್ರದಾಯ. ಹುಣಸೆಬೀಜ, ಅಜ್ಜನ ತೊಡೆ, ಸಂಜೆಯ ಬಿಸಿಲು. ನನ್ನ ಬಳಿಯೂ ಒಂದು ಸಿದ್ಧವಾಗಿದೆ. ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು. ಕಣದಲ್ಲಿ ಇದನ್ನೇ ಕೇಳಿ ಬೆಳೆದ ನಾನು ಶಾಲೆಯ ಮೊದಲ ದಿನ ಮಾಸ್ತರರ ಮುಂದೆ "ಲಾಭ, ಎರಡು" ಎಂದು ಶುರುಮಾಡಿ ಕೆನ್ನೆಗೆ ಏಟು ತಿಂದೆ. ಬಹಳ ಚೆನ್ನಾದ ನೆನಪು. ಭಾಷಣಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಒಮ್ಮೆ ಸಭೆಯಲ್ಲಿ ಅಣ್ಣನೂ ಕೂತಿದ್ದ. ಇಳಿದು ಬಂದಾಗ, ಏಟು ಬಿದ್ದದ್ದು ತನ್ನ ಕೆನ್ನೆಗೆ, ನಾನಾಗ ಇನ್ನೂ ತೊಟ್ಟಿಲಲ್ಲಿದ್ದೆ ಎಂದ. ಕೆನ್ನೆ ನನ್ನದಲ್ಲ ಎಂದು ಒಪ್ಪಿಕೊಂಡಿದ್ದೇನೆ. ಉರಿ ಮಾತ್ರ ನನ್ನದೇ ಅನ್ನಿಸುತ್ತದೆ. ಅಂದಿನಿಂದ ಒಂದಕ್ಕೊಂದು ನೀಟಾಗಿ ಹೊಂದಿಕೊಳ್ಳುವ ನೆನಪು ಬಂದರೆ, ಇದು ಯಾರ ಮನೆಯಿಂದ ಕದ್ದದ್ದು ಎಂದು ಮೊದಲು ನೋಡುತ್ತೇನೆ.

ಅದಿರಲಿ. ಮೊಲ ನಮ್ಮ ಮನೆಗೆ ಬಂದ ಎರಡನೆಯ ವಾರ ಕುರಿಗಳು ಬಂದವು.

ಹಸಿರು ಹುಲ್ಲು, ಬಿಳಿಯ ಬೇಲಿ, ಬೇಲಿಯ ಆಚೆ ದೊಡ್ಡಿ. ಉಣ್ಣೆಯ ಉಂಡೆಗಳಂಥ ಕುರಿಗಳು ಒಂದೊಂದಾಗಿ ಬೇಲಿ ಹಾರಿ ದೊಡ್ಡಿಯೊಳಗೆ ಹೋಗಿ ನಿಂತವು. ಮೊಲ ಕೈಕಟ್ಟಿ ಮರಾಠಿಯಲ್ಲಿ ಎಷ್ಟು ಎಂದು ಕೇಳಿತು. ಕೆಳಗೆ ಒಂದರಿಂದ ಒಂಬತ್ತರವರೆಗೆ ಅಂಕಿಗಳು ಮಿನುಗುತ್ತಿದ್ದವು. ಮೆಟ್ಟಿಲೇರುವಾಗ ಮೆಟ್ಟಿಲನ್ನು, ತಾಯಿ ಬಡಿಯುವಾಗ ರೊಟ್ಟಿಯನ್ನು, ನಾನು ಸುಮ್ಮನಿದ್ದಾಗ ನನ್ನ ಬಾಯಿಯ ಹಲ್ಲನ್ನು ಎಣಿಸುವ ಮಾಯಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಕುರಿ ಎಣಸಬಾರದು, ಮುತ್ಯಾ. ಆಯಿ ಹೇಳ್ಯಾಳ."

ಸರಿಯೇ. ನಮ್ಮ ಮನೆಯಲ್ಲಿ ಕುರಿ ಎಣಿಸುವುದಿಲ್ಲ. ಸಂಜೆ ಹಿಂಡು ಬಂದಾಗ ವೈನಿ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದರ ಮೋರೆ ನೋಡುತ್ತಾಳೆ. ಬರದೇ ಉಳಿದದ್ದು ಯಾವುದು ಎಂದು ಆಕೆಗೆ ತಿಳಿಯುತ್ತದೆ, ಬಂದದ್ದು ಎಷ್ಟು ಎಂದು ಆಕೆ ಹೇಳುವುದಿಲ್ಲ. "ಎಲ್ಲಾ ಬಂದಾವ" ಎಂದು ಬಾಗಿಲು ಹಾಕುತ್ತಾಳೆ. ಎಣಿಸಿದರೆ ದೃಷ್ಟಿ ತಾಕುತ್ತದೆ. ಎಣಿಸಿದ್ದು ಕಡಿಮೆಯಾಗುತ್ತದೆ. ಯಾರಾದರೂ ಎಷ್ಟು ಎಂದು ಕೇಳಿದರೆ "ಬೀರಪ್ಪಗ ಗೊತ್ತು" ಎನ್ನುವುದು ರೂಢಿ. ಇದರ ಮೇಲೆ ನಾನೊಂದು ಕಥೆಯನ್ನೂ ಬರೆದಿದ್ದೆ. ಅಂಕಿಯೇ ಇಲ್ಲದ ಒಂದು ಊರು. ಅಲ್ಲಿ ವಯಸ್ಸಿಲ್ಲ, ತಾರೀಖಿಲ್ಲ. ಪುಸ್ತಕದ ಮುದ್ರಕ ಪುಟಗಳಿಗೂ ಅಂಕಿ ಹಾಕುವುದನ್ನು ಬಿಟ್ಟದ್ದರಿಂದ ಹಾಳೆಗಳು ಹಿಂದೆಮುಂದಾಗಿ ಹೊಲಿದುಹೋಗಿದ್ದವು. ಯಾವ ಓದುಗನೂ ದೂರು ಕೊಡಲಿಲ್ಲ. ಅದನ್ನು ನಾನು ಪ್ರಯೋಗದ ಯಶಸ್ಸು ಎಂದುಕೊಂಡೆ.

ಹೀಗಾಗಿ ಮಾಯಿಯ ಹಟ ಕಂಡು ನನಗೆ ಒಳಗೊಳಗೇ ಖುಷಿ. ಆದರೆ ನನ್ನ ಕೆಲಸ ಮೊಲದ ಪರವಾಗಿ ವಾದಿಸುವುದು. ಇವು ಕುರಿಗಳಲ್ಲ, ಹತ್ತಿಯ ಉಂಡೆ ಎಂದೆ. ಕುರಿ ಕಾಣದವರ ಮೇಲೆ ಬೀರುವಂಥ ನೋಟವೊಂದನ್ನು ನನ್ನ ಮೇಲೆ ಬೀರಿದಳು. ಇವು ನಮ್ಮ ಕುರಿಗಳಲ್ಲ, ಮೊಲದ ಕುರಿಗಳು ಎಂದೆ. ಹಾಗಾದರೆ ಸತ್ತರೆ ಮೊಲ ಅಳುವುದಿಲ್ಲವೇ ಎಂದಳು. ಈ ಪಾಠ ಬಿಟ್ಟು ಮುಂದಿನದಕ್ಕೆ ಹೋಗೋಣವೆಂದರೆ, ಮುಂದಿನ ಬಾಗಿಲಿಗೆ ಕೀಲಿ ಹಾಕಿದೆ. ಕೀಲಿ ಈ ಕುರಿಗಳ ಹೊಟ್ಟೆಯಲ್ಲಿದೆ. ಕಲಿಕೆಯನ್ನು ಆಟವನ್ನಾಗಿ ಮಾಡಿದವರು ಯಾರೋ ಮಹಾತ್ಮರು. ಆಟ ಬೇಡವೆಂದು ಎದ್ದುಹೋಗುವ ಹಕ್ಕನ್ನು ಮಾತ್ರ ಅದರಿಂದ ತೆಗೆದಿಟ್ಟಿದ್ದಾರೆ.

ಸವಿತಾ ಅಡುಗೆಮನೆಯಿಂದ ಬಂದಳು. ಮೊದಲು ಮುದ್ದು ಮಾಡಿದಳು, ಆಮೇಲೆ ಚಾಕಲೇಟು ತೋರಿಸಿದಳು, ಆಮೇಲೆ ಮಗಳ ಬೆರಳನ್ನು ಹಿಡಿದು ತಾನೇ ಒತ್ತಿಸಲು ಹೋದಳು. ಮಾಯಿ ಮುಷ್ಟಿ ಬಿಗಿಮಾಡಿ ಅತ್ತಳು. ಇದೆಲ್ಲ ಒಂದು ಮೊಲಕ್ಕಾಗಿಯೇ ಎಂದು ನಾನು ನಕ್ಕೆ. ಇಂಥ ಶಾಲೆ ತಪ್ಪಿದರೆ ಏನೂ ಮುಳುಗುವುದಿಲ್ಲ, ಎಣಿಸದೇ ಇರುವುದೂ ಒಂದು ತಿಳಿವಳಿಕೆ, ಹೀಗೆ ಏನೇನೋ ಹೇಳಿದೆ. ಹೇಳಿದ್ದು ತಪ್ಪೇನಲ್ಲ. ಪಿಂಚಣಿ ಬರುವ ಮನುಷ್ಯ ಹೇಳಬಹುದಾದ ಮಾತೇ.

ಸವಿತಾ ಟ್ಯಾಬನ್ನು ಕವುಚಿ ಇಟ್ಟಳು. ಆಕೆ ನಿಲಂಗಾ ಕಡೆಯ ಒಂದು ಹಳ್ಳಿಯವಳು. ಮದುವೆಯಾಗಿ ಬಂದಮೇಲೆ ನನ್ನ ಮುಂದೆ ಅಷ್ಟು ಮಾತಾಡಿದ್ದು ಅದೇ ಮೊದಲು.

"ಮಾವಾರ, ನಮ್ಮ ಮನ್ಯಾಗ ಬರೇ ಕನ್ನಡ. ಸಾಳಿ ಮರಾಠಿದು. ಎರಡು ವರ್ಷ ಏನ್ ಹೇಳ್ತಾರ ಅಂತ ತಿಳೀಲಿಲ್ಲ ನನಗ. ಸರ್ ನನಗ 'ಮಠ್ಠ' ಅಂತಿದ್ರು. ಮಠ್ಠ ಅಂದ್ರ ದಡ್ಡಿ ಅಂತ ಗೊತ್ತಿದ್ದಿಲ್ಲ. ಅದು ನನಗ ಇಟ್ಟ ಹೆಸರ ಅಂತ ತಿಳಕೊಂಡು, ಕರದಾಗೊಮ್ಮೆ 'ಹಾಂ ಸರ್' ಅಂತ ಎದ್ದು ನಿಂದರ್ತಿದ್ದೆ. ಹುಡಗೂರು ನಗ್ತಿದ್ರು, ನಾನೂ ನಗ್ತಿದ್ದೆ."

ಮಗಳನ್ನು ಹತ್ತಿರ ಎಳೆದುಕೊಂಡು ಹೇಳಿದಳು: "ಈಕಿಗಿ ಒಂದು ದಿನಾನೂ ಯಾರೂ ಹಂಗ ಅನಬಾರದು. ನನಗ ಮತ್ತೇನೂ ಬ್ಯಾಡ್ರಿ."

ಈ ಮಾತು ಕೇಳಿದ ಮೇಲೆ ಬುದ್ಧಿವಂತಿಕೆಯ ಮಾತಾಡುವುದು ನನ್ನಿಂದಲೂ ಆಗಲಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಸಂಯಮ ಎಂದು ನನ್ನ ಹೆಂಡತಿ ಆಮೇಲೆ ಹೇಳಿದಳು.

ಉಳಿದ ದಾರಿ ಒಂದೇ. ಎಣಿಸಬೇಡ ಎಂದವಳಿಂದಲೇ ಎಣಿಸು ಎಂದು ಹೇಳಿಸುವುದು. ದಾಳಿಂಬಕ್ಕೆ ವಿಡಿಯೊ ಕರೆ ಮಾಡಿದೆವು. ವೈನಿಗೆ ಫೋನಿನಲ್ಲಿ ತನ್ನ ಮೋರೆ ತೋರಿಸುವುದು ಸೇರದು. ಪರದೆಯ ತುಂಬ ಆಕೆಯ ಕಿವಿ ಮತ್ತು ಬೆಂಡೋಲೆ. ಆ ಕಿವಿಗೆ ನಾನು ಎಲ್ಲವನ್ನೂ ವಿವರಿಸಿದೆ. ಶಾಲೆ, ಮೊಲ, ನಕ್ಷತ್ರ, ಕುರಿ. ಆ ಕುರಿಗಳು ಏನು ಮೇಯುತ್ತವೆ ಎಂದು ಕಿವಿ ಕೇಳಿತು. ಏನೂ ಇಲ್ಲ ಎಂದೆ. ರಾತ್ರಿ ಕಾಯುವವರು ಯಾರು? ಯಾರೂ ಇಲ್ಲ. ಬೆಂಡೋಲೆ ಒಮ್ಮೆ ಅಲುಗಿತು. ಆಮೇಲೆ ತೀರ್ಪು ಬಂತು.

"ಎಣಸಲಿ ಬಿಡು, ತಮ್ಮಾ. ಒಂದು ಬಿಟ್ಟು ಎಣಸಲಿ. ಒಂದು ಬೀರಪ್ಪನ ಪಾಲು."

ಆಗ ನನಗೂ ನೆನಪಾಯಿತು, ಅಥವಾ ನೆನಪಾದಂತೆ ಮಾಡಿದೆ. ಪ್ರತಿ ಹಿಂಡಿನಲ್ಲೂ ಬೀರಪ್ಪನ ಪಾಲಿನದು ಎಂದು ಒಂದು ಇರುತ್ತದೆ. ಅದನ್ನು ಮಾರುವುದಿಲ್ಲ, ಕೊಯ್ಯುವುದಿಲ್ಲ, ಉಣ್ಣೆ ಕತ್ತರಿಸುವುದಿಲ್ಲ. ಹೊಲಕ್ಕೆ ನುಗ್ಗಿದರೂ ಹೊಡೆಯುವುದಿರಲಿ, ಒಂದು ಮಾತು ಬೈಯುವುದೂ ಇಲ್ಲ. ಎಣಿಸಲೇಬೇಕಾದ ಗಳಿಗೆ ಬಂದರೆ ಅದನ್ನು ಬಿಟ್ಟು ಎಣಿಸಿದರೆ ದೋಷವಿಲ್ಲ. ಜನುವಾರು ಗಣತಿಗೆ ಬಂದವರಿಗೂ ಅಣ್ಣ ಹೀಗೆಯೇ ಬರೆಸುತ್ತಾನೆ. ದೇಶದ ಒಟ್ಟು ಕುರಿಗಳ ಲೆಕ್ಕದಲ್ಲಿ ನಮ್ಮ ಮನೆಯದೊಂದು ಎಂದೂ ಸೇರಿಲ್ಲ. ದೇಶ ಅದರಿಂದ ಬಡವಾದಂತೆಯೂ ಕಾಣಲಿಲ್ಲ. ನನ್ನ ಅಂಕಿಯಿಲ್ಲದ ಊರಿನ ಕಥೆ ಮಾತ್ರ ಆ ಒಂದು ವಾಕ್ಯಕ್ಕೆ ಕುಸಿದುಬಿತ್ತು. ಎಣಿಸದ ಜನ ಎಂದು ನಾನು ಕೊಂಡಾಡಿದವರು ಎಣಿಸುತ್ತಲೇ ಇದ್ದರು, ಒಂದನ್ನು ಬಿಟ್ಟು.

ಮಾಯಿ ಕಣ್ಣೊರೆಸಿಕೊಂಡು ಕೂತಳು. ಏಳು ಕುರಿ ಬಂದವು. ಆರು ಎಂದು ಒತ್ತಿದಳು. ಮೊಲ ತಲೆಯಾಡಿಸಿತು. ಐದು ಬಂದವು, ನಾಲ್ಕು. ಮತ್ತೆ ತಲೆಯಾಡಿಸಿತು. ಸವಿತಾ ನನ್ನ ಕಡೆ ನೋಡಿದಳು, ನಾನು ಸೂರಿನ ಕಡೆ ನೋಡಿದೆ. ನ್ಯಾಯಾಲಯ ತೀರ್ಪು ಕೊಟ್ಟಾಗಿದೆ, ಮೇಲಿನ ನ್ಯಾಯಾಲಯ ಯಾವುದೂ ಇಲ್ಲ. ಪರೀಕ್ಷೆಯಲ್ಲಿ ಕುರಿಗಳು ಬರಲಿಕ್ಕಿಲ್ಲ, ಮೀನೋ ಮಾವಿನಹಣ್ಣೋ ಬಂದೀತು ಎಂದು ಸಮಾಧಾನ ಹೇಳಿದೆ. ಹಿಂದಿನ ಪಾಠಗಳ ಮೀನು, ಮಾವಿನಹಣ್ಣನ್ನು ಮಾಯಿ ಒಂದೂ ಬಿಡದೆ ಎಣಿಸುತ್ತಿದ್ದಳು. ಅವುಗಳ ಮೇಲೆ ಬೀರಪ್ಪನ ಹಕ್ಕಿಲ್ಲ.

ಜಿರಾಫೆಯ ಶಾಲೆಗೆ ನಾನೂ ಹೋದೆ. ಪ್ರೊಫೆಸರ್ ಜೊತೆಯಲ್ಲಿದ್ದರೆ ತೂಕ ಇರುತ್ತದೆ ಎಂದು ಮಾಳಪ್ಪ ಒತ್ತಾಯ ಮಾಡಿದ್ದ. ಟೆಂಪೊದಲ್ಲಿ ತೊಗರಿ ಮೂಟೆಗಳನ್ನು ಒಂದಿಷ್ಟು ಸರಿಸಿ ನನ್ನನ್ನು ಏರಿಸಿದ. ಬಣ್ಣಬಣ್ಣದ ಪುಟ್ಟ ಕುರ್ಚಿಗಳು, ಪ್ರತಿ ಕುರ್ಚಿಯ ಮುಂದೆ ಒಂದು ಕಂಪ್ಯೂಟರು, ಪ್ರತಿ ಕಂಪ್ಯೂಟರಿನಲ್ಲಿ ಒಂದು ಮೊಲ. ತಾಯಿತಂದೆಗಳು ಹಿಂದೆ ಗೋಡೆಗೆ ಆತು, ಮಕ್ಕಳ ಜಡೆಗಳಿಗೆ ಕೈಮುಗಿಯುವ ಭಂಗಿಯಲ್ಲಿ ನಿಂತಿದ್ದರು. ಚಿಕ್ಕ ವಯಸ್ಸಿನ ಟೀಚರ್ ಒಬ್ಬರು ಆಚೀಚೆ ಓಡಾಡುತ್ತ, ಇದು ಪರೀಕ್ಷೆಯಲ್ಲ, ಯಾರೂ ಹೆದರಬಾರದು ಎಂದು ಮರಾಠಿಯಲ್ಲಿ ಎಲ್ಲರನ್ನೂ ಹೆದರಿಸುತ್ತಿದ್ದರು.

ಮಾಯಿ ಬಣ್ಣ ಗೆದ್ದಳು, ಆಕಾರ ಗೆದ್ದಳು, ನೆರಳುಗಳನ್ನೆಲ್ಲ ಮನೆಗೆ ಮುಟ್ಟಿಸಿದಳು. ಆಮೇಲೆ ಹಸಿರು ಹುಲ್ಲು ಬಂತು, ಬಿಳಿಯ ಬೇಲಿ ಬಂತು.

ಏಳು ಕುರಿಗಳಿಗೆ ಆಕೆ ಆರು ಎಂದಳು. ನಿಮಗೆ ಗೊತ್ತಲ್ಲ, ತಪ್ಪಿದವರಿಗೆ ಮೊಲ ಪಾಠವನ್ನು ಹಗುರ ಮಾಡುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಕರುಣೆ ಇನ್ನೂ ಹೆಚ್ಚು: ತಪ್ಪಿದಂತೆಲ್ಲ ಒಂದೊಂದು ಕುರಿಯನ್ನು ಹಿಂದಕ್ಕೆ ಕಳಿಸುತ್ತದೆ. ಆರು ಕುರಿ, ಮಾಯಿ ಐದು ಎಂದಳು. ಐದು, ನಾಲ್ಕು ಎಂದಳು. ಮೊಲ ಒಂದು ಕುರಿಯನ್ನು ಕಳಿಸುವುದು, ಮಾಯಿ ಒಂದು ಕುರಿಯನ್ನು ಬಿಡುವುದು. ಇಬ್ಬರೂ ತಮ್ಮ ತಮ್ಮ ಧರ್ಮಕ್ಕೆ ನಿಷ್ಠರು. ಹಿಂಡು ಕರಗುತ್ತ ಹೋಯಿತು. ಕಡೆಗೆ ದೊಡ್ಡಿಯಲ್ಲಿ ಒಂದೇ ಒಂದು ಕುರಿ ಉಳಿಯಿತು. ಎಷ್ಟು ಎಂದು ಮೊಲ ಕೇಳಿತು. ಕೆಳಗೆ ಸೊನ್ನೆ ಎಂಬ ಗುಂಡಿ ಇಲ್ಲ. ಮಾಯಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂತಳು. ಕುರಿ ಬ್ಯಾ ಎಂದಿತು. ಮೊಲ ಮತ್ತೆ ಕೇಳಿತು. ಇನ್ನು ಕಳಿಸಲು ಕುರಿ ಇಲ್ಲ, ಹಟ ಬಿಡಲು ಮಾಯಿ ಸಿದ್ಧಳಿಲ್ಲ.

ಟೀಚರ್ ಬಂದು ನೋಡಿದರು. ಒಂದು ಕುರಿ, ಒಂದು ಮಗು. ತಿರುಗಿ ಸವಿತಾಳನ್ನು ಕೇಳಿದರು: ಈಕೆಗೆ ಒಂದರವರೆಗೂ ಎಣಿಸಲು ಬರುವುದಿಲ್ಲವೇ?

ಕೋಣೆಯಲ್ಲಿ ಎಲ್ಲರೂ ನಮ್ಮ ಕಡೆ ನೋಡಿದರು. ಜಾನಪದ, ಪಶುಪಾಲಕರ ಸಂಸ್ಕೃತಿ, ಶೂನ್ಯದ ಪರಿಕಲ್ಪನೆ, ಇವನ್ನೆಲ್ಲ ಸೇರಿಸಿ ಒಂದು ಉಪನ್ಯಾಸ ನನ್ನ ಗಂಟಲಿನವರೆಗೆ ಬಂದಿತ್ತು. ಸವಿತಾ ನನಗೆ ಅವಕಾಶ ಕೊಡಲಿಲ್ಲ. ಸೆರಗನ್ನು ಸರಿಮಾಡಿಕೊಂಡು, ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು, ಮರಾಠಿಯಲ್ಲಿ ಹೇಳಿದಳು. ನಾವು ಕುರಿಯವರು. ನಮ್ಮಲ್ಲಿ ಒಂದು ಕುರಿ ದೇವರದು, ಅದನ್ನು ಎಣಿಸುವುದಿಲ್ಲ. ಉಳಿದದ್ದನ್ನೆಲ್ಲ ಅವಳು ಸರಿಯಾಗಿಯೇ ಎಣಿಸಿದ್ದಾಳೆ, ಬೇಕಾದರೆ ನೋಡಿರಿ. ಅಷ್ಟು ಹೇಳಿ ಇನ್ನೊಂದು ಮಾತು ಸೇರಿಸಿದಳು.

"ಮಠ್ಠ ನಾಹೀ ತೀ."

ಅವಳು ದಡ್ಡಿಯಲ್ಲ. ಆ ಶಬ್ದವನ್ನು ಸವಿತಾ ತುಂಬಿದ ಕೋಣೆಯಲ್ಲಿ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಈ ಜಾಗದಲ್ಲಿ ನಾನು ಮೊದಲು ಬೇರೆ ಬರೆದಿದ್ದೆ. ಟೀಚರ ಕಣ್ಣು ತುಂಬಿ ಬಂದು, ತಮ್ಮ ಅಜ್ಜಿಯೂ ಹೀಗೆಯೇ ಎನ್ನುತ್ತಿದ್ದಳು ಎಂದು ಹೇಳಿ ಮಾಯಿಯನ್ನು ಎತ್ತಿಕೊಳ್ಳುತ್ತಾರೆ. ಓದಿದಾಗ ಹಲ್ಲಿಗೆ ಸಕ್ಕರೆ ಹತ್ತಿದಂತಾಯಿತು, ಹೊಡೆದುಹಾಕಿದೆ. ಎರಡನೆಯ ಸಲ, ಟೀಚರ್ ಕಿಸಕ್ಕನೆ ನಕ್ಕು ನಮ್ಮನ್ನು ಹೊರಗಟ್ಟುತ್ತಾರೆ. ಅದು ನನ್ನ ಸಿದ್ಧಾಂತಗಳಿಗೆ ಬಹಳ ಅನುಕೂಲವಾಗಿತ್ತು, ಅದಕ್ಕೇ ಸಂಶಯ ಬಂದು ಅದನ್ನೂ ಹೊಡೆದುಹಾಕಿದೆ. ನಡೆದದ್ದು ಇಷ್ಟೆ. ಟೀಚರ್ "ಅಸಂ ಕಾ" ಎಂದರು, ಹೌದೇ ಎನ್ನುವ ಹಾಗೆ. ಬಾಗಿಲಲ್ಲಿ ಸಾಲುಗಟ್ಟಿದ್ದ ಮಕ್ಕಳ ಕಡೆ ಒಮ್ಮೆ ನೋಡಿದರು. ಬಗ್ಗಿ, ತಮ್ಮದೇ ಬೆರಳಿನಿಂದ 'ಒಂದು' ಎಂಬ ಅಂಕಿಯನ್ನು ಒತ್ತಿದರು.

"ಶಾಬ್ಬಾಸ್!" ಎಂದು ಮೊಲ ಮೂರು ಲಾಗ ಹಾಕಿತು. ನಕ್ಷತ್ರಗಳು ಸುರಿದವು. ಮಗುವಿಗೆ ಸಂಖ್ಯಾಜ್ಞಾನದ ಬುನಾದಿ ಉಂಟೆಂದು ಪರದೆಯ ಮೇಲೆ ಬಂತು. ಟೀಚರಿಗೆ ಉಂಟು ಎಂಬುದರಲ್ಲಿ ಸಂಶಯವಿಲ್ಲ. ಅವರು ಒಂದರವರೆಗೆ ತಪ್ಪಿಲ್ಲದೆ ಎಣಿಸಿದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಮಾಯಿ ಮಾತ್ರ ಕುರ್ಚಿಯಿಂದ ಇಳಿಯುತ್ತ, "ಬೀರಪ್ಪಂದು ಎಣಿಸಿಬಿಟ್ರು" ಎಂದು ಗೊಣಗಿದಳು. ಕೋಣೆಯಲ್ಲಿ ನಮ್ಮನ್ನು ಬಿಟ್ಟು ಯಾರಿಗೂ ಕನ್ನಡ ಬರದಿದ್ದದ್ದು ಉಪಕಾರವಾದ ಅಪರೂಪದ ಸಂದರ್ಭ ಅದು.

ಈಗ ಮಾಯಿ ಜಿರಾಫೆಯ ಶಾಲೆಗೆ ಹೋಗುತ್ತಾಳೆ. ಕೊರಳಿಗೆ ಟೈ ಬಂದಿದೆ. ಸೊಂಟದ ಕೆಳಗೂ ಬಟ್ಟೆ ಇರುವುದರಿಂದ ಮೊಲಕ್ಕಿಂತ ಒಂದು ತರಗತಿ ಮೇಲೆ. ಮೊಲವೂ ಮನೆಯಲ್ಲಿದೆ. ಎರಡು ವಾರದ ಹಿಂದೆ ಶಾಲೆಯವರು ಹೊಸ ಪಾಠವೊಂದನ್ನು ತೆರೆದುಕೊಟ್ಟು, ಆಡಿಕೊಂಡು ಬರಲು ಹೇಳಿದ್ದರು. ಹೆಸರು 'ನನ್ನ ಮನೆ'. ಪರದೆಯ ಮೇಲೆ ಹೆಂಚಿನ ಮನೆಯೊಂದು ಬಂತು. ನಿನ್ನ ಮನೆಯಲ್ಲಿ ಎಷ್ಟು ಜನ ಎಂದು ಮೊಲ ಕೇಳಿತು. ಮೊಲ ಕೇಳುವ ಪ್ರಶ್ನೆಗಳಲ್ಲಿ ಉತ್ತರ ಅದಕ್ಕೂ ಗೊತ್ತಿಲ್ಲದ್ದು ಇದೊಂದೇ.

ಮಾಯಿ ಬೆರಳು ಮಡಚಿದಳು. ಅಪ್ಪ, ಅವ್ವ, ಅಜ್ಜಿ ಎಂದರೆ ನನ್ನ ಹೆಂಡತಿ, ತಾನು. ನಾಲ್ಕು ಎಂದು ಒತ್ತಿದಳು. ಮೊಲ ಶಾಬ್ಬಾಸ್ ಎಂದಿತು. ಒಂದು ಬಿಟ್ಟು ಎಣಿಸಿದ್ದಕ್ಕೆ ಅದರ ಬಾಯಿಂದ ಶಾಬ್ಬಾಸ್ ಬಂದದ್ದು ಅದೇ ಮೊದಲು.

ಕಾಳು ಹಸನು ಮಾಡುತ್ತಿದ್ದ ಸವಿತಾ ತಲೆಯೆತ್ತಿದಳು. "ಮುತ್ಯಾನ ಬಿಟ್ಟೆಲ್ಲ."

"ಮುತ್ಯಾ ಬೀರಪ್ಪನ ಪಾಲು," ಎಂದಳು ಮಾಯಿ, ಇಷ್ಟೂ ತಿಳಿಯದೇ ಎನ್ನುವಂತೆ. "ಮೊಲ ಅಂವಗ ದಡ್ಡ ಅಂದದ. ಇನ್ನ ಯಾರೂ ಅಂವಗ ಏನೂ ಅನ್ನಂಗಿಲ್ಲ."

ಸವಿತಾಳ ಕೈ ಮೊರದಲ್ಲಿ ನಿಂತಿತು. "ನನಗೂ ಆವಾಗ ಯಾರರ ಹಂಗ ಬಿಟ್ಟಿದ್ರ ಛಲೋ ಇತ್ತು" ಎಂದಳು. ಯಾರಿಗೆ ಹೇಳಿದಳೋ ತಿಳಿಯದು. ಮಾಯಿ ಟ್ಯಾಬನ್ನು ತನ್ನ ಕಡೆ ಎಳೆದುಕೊಂಡು, ಮತ್ತೆ ಮೊದಲಿನಿಂದ ಎಣಿಸಿ ಈ ಸಲ ಮೂರು ಎಂದು ಒತ್ತಿದಳು. ಅದಕ್ಕೂ ಮೊಲ ಶಾಬ್ಬಾಸ್ ಎಂದಿತು. ಸವಿತಾ ನಕ್ಕು, ಮೊರದ ಕಾಳನ್ನು ಜೋರಾಗಿ ಕೇರತೊಡಗಿದಳು.

ನನ್ನ ವಿಷಯಕ್ಕೆ ಬಂದರೆ, ಸಂಕಲನಗಳಿಂದ, ಪಠ್ಯಗಳಿಂದ, ಪ್ರಶಸ್ತಿಗಳಿಂದ, ಎರಡು ರಾಜ್ಯಗಳ ಸಾಹಿತ್ಯ ಚರಿತ್ರೆಯಿಂದ ನನ್ನನ್ನು ಆಗಾಗ ಬಿಟ್ಟು ಎಣಿಸಿದ್ದಾರೆ. ಇಷ್ಟು ಮರ್ಯಾದೆಯಿಂದ ಬಿಟ್ಟದ್ದು ಇದೇ ಮೊದಲು. ಆ ಸ್ಥಾನಕ್ಕೆ ಉಣ್ಣೆ ಕತ್ತರಿಸಬಾರದೆಂಬ ನಿಯಮವೂ ಇರುವುದರಿಂದ, ಎರಡು ವಾರದಿಂದ ಕ್ಷೌರಕ್ಕೂ ಹೋಗಿಲ್ಲ.